ಸಾಹೇಬರ ಹಳೇ ವಿಐ, ಅದರ ಹೊಸ ನಕಲುಗಳು

ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯೋರನ್ನ ನಗೆಪಾಟಲು ಅನ್ನೋದು ತಾನೇ ವಿಳಾಸ ಹುಡುಕಿಕೊಂಡು ಬರುತ್ತೆ. ನಾನು ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಟೈಪಿಂಗು, ಜೆರಾಕ್ಸು, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟವಳು. ಅದಕ್ಕೂ ಮೊದಲು ಊರಿನ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ನನಗೆ ಸಿಟ್ಟು ಬೇಗ ಬರುತ್ತೆ, ನಗು ತಡವಾಗಿ ಬರುತ್ತೆ. ಬೆಳಿಗ್ಗೆ ಆದದ್ದಕ್ಕೆ ಸಂಜೆ ಅನ್ನಕ್ಕೆ ಎಸರಿಟ್ಟು ನಿಂತಾಗ ಒಬ್ಬಳೇ ನಕ್ಕಿದ್ದೂ ಉಂಟು. ಈಗ ಹೇಳೋದು ನಮ್ಮ ಸಾಹೇಬರ ವಿಷಯ. ಇದರಲ್ಲಿ ಎಲ್ಲಿ ನಗಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದು ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ.

ಒಳಗಿದ್ದವರು

ಆ ಕಚೇರಿಯಲ್ಲಿ ನಮಗೆಲ್ಲ ಕೆಲಸ ಕಲಿಸಿದವರು ಸಾಹೇಬರು. ಅರಕಲಗೂಡಿನವರು. ದಿನಾ ಮೊದಲ ಬಸ್ಸಿಗೆ ಹಾಸನಕ್ಕೆ ಬಂದು, ನಾವು ಬರೋ ಹೊತ್ತಿಗೆ ಮೆಷಿನ್ ಆನ್ ಮಾಡಿ ಕೂತಿರೋರು. ಅವರ ಪ್ರಾಣವೆಲ್ಲ ಒಂದು ಎಡಿಟರಿನಲ್ಲಿತ್ತು. ಎಡಿಟರ್ ಅಂದರೆ ಕಂಪ್ಯೂಟರಿನಲ್ಲಿ ಬರೆಯೋಕೆ, ಬರೆದದ್ದನ್ನ ತಿದ್ದೋಕೆ ಇರೋ ಸಾಫ್ಟ್‌ವೇರು. ನಮ್ಮದರ ಹೆಸರು ವಿಐ. ಕಪ್ಪು ಪರದೆ, ಹಸಿರು ಅಕ್ಷರ. ಮೌಸಿಲ್ಲ, ಮೆನು ಇಲ್ಲ. ಬರೆಯೋಕೆ ಮುಂಚೆ ಐ ಅನ್ನೋ ಕೀ ಒತ್ತಬೇಕು, ಮುಗಿದ ಮೇಲೆ ಎಸ್ಕೇಪ್ ಒತ್ತಬೇಕು. ಐ ಒತ್ತದೆ ಬರೆಯೋಕೆ ಹೋದರೆ ಅದು ನಿಮ್ಮ ಅಕ್ಷರವನ್ನ ಅಕ್ಷರ ಅಂತ ನೋಡಲ್ಲ, ಅಪ್ಪಣೆ ಅಂತ ತಿಳಿದು ಇದ್ದದ್ದನ್ನೆಲ್ಲ ಅಳಿಸಿ ಕೂರುತ್ತೆ. "ಅದಕ್ಕೆ ಹೇಳಿದ್ದು, ಬಾಯಿ ತೆಗೆಯೋಕೆ ಮುಂಚೆ ಯೋಚನೆ ಮಾಡಿ ಅಂತ" ಅನ್ನೋರು ಸಾಹೇಬರು.

ಅದರಲ್ಲಿ ಹೊಕ್ಕೋದು ಸುಲಭ, ಹೊರಗೆ ಬರೋದು ಕಷ್ಟ. ಬರೋದಕ್ಕೂ ಬೇರೆ ಅಪ್ಪಣೆ ಇದೆ, ಅದು ಯಾರಿಗೂ ನೆನಪಿರ್ತಿರಲಿಲ್ಲ. ಚನ್ನರಾಯಪಟ್ಟಣದಿಂದ ಹೊಸದಾಗಿ ಬಂದಿದ್ದ ಒಬ್ಬರು ಶನಿವಾರ ಮಧ್ಯಾಹ್ನ ವಿಐ ಒಳಗೆ ಸಿಕ್ಕಿಕೊಂಡರು. ಸಾಹೇಬರು ಆಗಲೇ ಬಸ್ಸಿಗೆ ಹೋಗಿದ್ದರು. ಪ್ಲಗ್ ಕೀಳೋಕೆ ಭಯ, ಯಾರನ್ನಾದರೂ ಕೇಳೋಕೆ ಮರ್ಯಾದೆ ಪ್ರಶ್ನೆ. ಕೊನೆಗೆ ಒಂದು ಚೀಟಿ ಬರೆದು ಪರದೆಗೆ ಅಂಟಿಸಿ ಊರಿಗೆ ಹೋದರು. "ಯಾರೂ ಮುಟ್ಟಬೇಡಿ. ನಾನು ಒಳಗಿದ್ದೇನೆ."

ಭಾನುವಾರ ವಾಚ್‌ಮನ್ ಆ ಚೀಟಿ ನೋಡಿದ. ಪಾಪ, ಟೇಬಲ್ ಕೆಳಗೆ ನೋಡಿದ, ಬೀರು ತೆಗೆದು ನೋಡಿದ, ಬಾತ್‌ರೂಮಿನ ಬಾಗಿಲು ಬಡಿದ. ಸೋಮವಾರ ಸಾಹೇಬರು ಬರೋ ಹೊತ್ತಿಗೆ ಗೇಟಿನಲ್ಲೇ ಕೈಮುಗಿದು ನಿಂತಿದ್ದ. "ಸಾ, ಒಳಗವ್ರೆ ಅಂತ ಬರ್ದವ್ರೆ. ನಿನ್ನೆಯಿಂದ ಉಡುಕ್ತಾ ಇವ್ನಿ. ಉಸಿರೂ ಇಲ್ಲ ಸಾ!"

ಸಾಹೇಬರು ಒಳಗೆ ಬಂದು ಚೀಟಿ ಓದಿ, ನಿಧಾನವಾಗಿ ಕಿತ್ತು, ಎರಡು ಕೀ ಒತ್ತಿ ವಿಐ ಮುಚ್ಚಿದರು. ಆಮೇಲೆ ವಾಚ್‌ಮನ್ ಕಡೆ ತಿರುಗಿ, "ಬಿಡಿಸಿದೀನಿ ಕಣಯ್ಯ. ಬಸ್ಸಲ್ಲಿ ಬತ್ತಾವ್ರೆ, ಟೀ ಕೊಡು" ಅಂದರು.

ಸಾಕ್

ಅಂಥ ಸಾಹೇಬರಿಗೆ ಹೋದ ವರ್ಷ ಲಕ್ವ ಹೊಡೆಯಿತು. ನಿವೃತ್ತಿಯಾಗಿ ಅರಕಲಗೂಡಿನ ಮನೆಯಲ್ಲಿದ್ದರು. ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. "ಮಾತು ಬರುತ್ತೆ, ಆದರೆ ದಿನಾ ಮಾತಾಡಿ ಅಭ್ಯಾಸ ಮಾಡಬೇಕು" ಅಂದರು ಡಾಕ್ಟರು. ಸಾಹೇಬರು ಒಂದೇ ಒಂದು ಸಲ ಬಾಯಿ ತೆಗೆದರು. ಬಂದ ಶಬ್ದ ಕೇಳಿ ಅವರಿಗೇ ಅಸಹ್ಯವಾಯಿತು. ಅವತ್ತಿಂದ ತುಟಿ ಬಿಚ್ಚಲಿಲ್ಲ. ಸ್ಲೇಟು ಕೊಟ್ಟರೆ ಎಡಗೈಯಲ್ಲಿ ಅಕ್ಷರ ಕೂರಲ್ಲ ಅಂತ ಅದನ್ನೂ ಎಸೆದರು.

ಅವರ ಮನೆಯವರನ್ನ ನಾವೆಲ್ಲ ಅಮ್ಮಾವ್ರು ಅಂತಲೇ ಕರೆಯೋದು. ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರಾದವರು. ಒಂದಿನ ಫೋನ್ ಮಾಡಿದರು. "ಮನೇಲಿ ಗೋಡೆ ಮೇಲಾದ್ರೂ ಹಲ್ಲಿ ಲೊಚಗುಟ್ತದೆ ಕಣಮ್ಮ. ಇವ್ರು ಅದೂ ಇಲ್ಲ. ನಾನೇ ಕೇಳ್ಬೇಕು, ನಾನೇ ಏಳ್ಕೋಬೇಕು. ನಂಗೆ ಬುದ್ಧಿ ಕೆಡ್ತದೆ ಇಂಗೇ ಆದ್ರೆ."

ನನಗೊಬ್ಬ ತಮ್ಮ ಇದ್ದಾನೆ, ಹಾಸನದಲ್ಲೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡ್ತಾನೆ. ಅವನನ್ನ ಕೇಳಿದೆ. "ವಿಐ ಈಗ ಯಾರಿಟ್ಕೊಂಡಿದಾರೆ ಅಕ್ಕ? ಅದರ ನಕಲುಗಳಿವೆ, ಅಸಲಿಗಿಂತ ಎಷ್ಟೋ ಚೆನ್ನಾಗಿವೆ" ಅಂತ ಹೇಳಿ ಒಂದು ಲ್ಯಾಪ್‌ಟಾಪಿಗೆ ತೀರಾ ಹೊಸ ನಕಲು ಹಾಕಿಕೊಟ್ಟ. ಅಲ್ಲೂ ಅದೇ ಐ, ಅದೇ ಎಸ್ಕೇಪ್. ಜೊತೆಗೆ ಬಣ್ಣ, ಕಿಟಕಿ. ಎರಡು ಅಕ್ಷರ ಹೊಡೆದರೆ ಮಿಕ್ಕದ್ದನ್ನ ತಾನೇ ಊಹಿಸಿ ಮುಂದಿಡುತ್ತೆ, ಎಂಟರ್ ಒತ್ತಿದರೆ ತಾನೇ ಬರೆದುಬಿಡುತ್ತೆ.

ಅರಕಲಗೂಡಿಗೆ ತಗೊಂಡು ಹೋಗಿ ಸಾಹೇಬರ ಮುಂದೆ ಇಟ್ಟೆ. ಎಡಗೈ ನಿಧಾನವಾಗಿ ಬಂದು ಐ ಮೇಲೆ ಕೂತಿತು. ವಾಟ್ಸಾಪಿನಲ್ಲಿ ಎಲ್ಲರೂ ಬರೆಯೋ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದರು: "ಬೆನ್ನಿಗೆ ಒಂದು ದಿಂಬು ಸಾಕಾಗಿಲ್ಲ." ಅಮ್ಮಾವ್ರು ಓದಿದರು, ದಿಂಬು ತರೋಕೆ ಓಡಿದರು. ಓಡುವಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ನನಗೆ ಕಾಣಿಸ್ತು.

ಮುಂದಿನ ವಾರ ಹೋದಾಗ ಅಮ್ಮಾವ್ರ ಮುಖ ಅರಳಿತ್ತು. "ಕಂಪ್ಯೂಟರ್ ಬಂದ್ಮೇಲೆ ಎಷ್ಟ್ ಚೆನ್ನಾಗಿ ತಿಂತಾರೆ ಗೊತ್ತಾ? ದೋಸೆ ಆಕ್ತಾ ಇದ್ರೆ ಸಾಕಾಗಿಲ್ಲ, ಸಾಕಾಗಿಲ್ಲ ಅಂತ ಬರೀತಾರೆ. ಆಸ್ಪತ್ರೆಯಿಂದ ಬಂದ್ಮೇಲೆ ಇಂಗೆ ತಿಂದೋರೇ ಅಲ್ಲ."

ಸಾಹೇಬರ ಕಡೆ ನೋಡಿದೆ. ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಒರಗಿದ್ದರು. ಕಣ್ಣಲ್ಲಿ ಬೇಡಿಕೆ ಇತ್ತು. ಪಕ್ಕದಲ್ಲಿ ಕೂತು ನೋಡಿದೆ. ಅವರು ಮೊದಲಿಂದಲೂ ಅಕ್ಷರದಲ್ಲಿ ಜಿಪುಣರು. ಸಾಕು ಅನ್ನೋಕೆ "ಸಾಕ್" ಅಂತ ಹೊಡೆದು ಎಂಟರ್ ಒತ್ತೋರು. ಆ ನಕಲು, ದಿಂಬಿನ ದಿನ ಬರೆದ "ಸಾಕಾಗಿಲ್ಲ" ಅನ್ನೋದನ್ನ ನೆನಪಿಟ್ಟುಕೊಂಡು, ಎಂಟರ್ ಬಿದ್ದ ತಕ್ಷಣ ಅದನ್ನೇ ಪೂರ್ತಿ ಮಾಡೋದು. ಅಳಿಸೋಕೆ ಹೋಗೋಷ್ಟರಲ್ಲಿ ತಟ್ಟೆಗೆ ದೋಸೆ ಬಿದ್ದಿರೋದು.

ನಾನು ಆ ಊಹೆ ಮಾಡೋ ವಿದ್ಯೆಯನ್ನ ನಿಲ್ಲಿಸಿದ ಮೇಲೆ ಸಾಹೇಬರು ಉಸಿರುಬಿಟ್ಟು ಬರೆದರು: "ಅದು ನನ್ನ ಮಾತಲ್ಲ."

ಅಮ್ಮಾವ್ರು ಓದಿ ನನ್ನ ಕಡೆ ತಿರುಗಿದರು. "ಅಂಗಾದ್ರೆ ಇಷ್ಟ್ ದಿನ ನಾನು ದೋಸೆ ಉಯ್ದು ಆಕಿದ್ದು ಯಾರಿಗೆ?"

ಹಿಂದಕ್ಕೆ ಹೋಗೋ ದಾರಿ

ತಮ್ಮನಿಗೆ ಫೋನಿನಲ್ಲೇ ಬೈದೆ. ಅವನು ಬೇಜಾರು ಮಾಡಿಕೊಳ್ಳದೆ ಇನ್ನೊಂದು ನಕಲು ಹಾಕಿಕೊಟ್ಟ. ಇದಕ್ಕೆ ಬಣ್ಣವಿಲ್ಲ, ಊಹೆಯಿಲ್ಲ. ನೋಡೋಕೆ ಅಸಲಿನಂತೇ ಕಪ್ಪು ಪರದೆ. ಸಾಹೇಬರಿಗೂ ಹಿಡಿಸಿತು. ಒಂದಿನ ಅಮ್ಮಾವ್ರು ಅಡಿಗೆಮನೆಗೂ ಹೊರಗೂ ಓಡಾಡ್ತಿದ್ದಾಗ ಕೂತು ಉದ್ದಕ್ಕೆ ಏನೋ ಬರೆಯೋಕೆ ಶುರು ಮಾಡಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಎಡಿಟರುಗಳಲ್ಲಿ ಯು ಅಂತ ಒಂದು ಕೀ ಇದೆ. ಮಾಡಿದ್ದನ್ನ ಮಾಡದ ಹಾಗೆ ಮಾಡುತ್ತೆ. ಅಸಲಿ ವಿಐಗೆ ಗೊತ್ತಿರೋದು ಒಂದೇ ಹೆಜ್ಜೆ. ಒಂದು ಸಲ ಯು ಒತ್ತಿದರೆ ಕೊನೇ ತಿದ್ದುಪಡಿ ಹೋಗುತ್ತೆ, ಮತ್ತೆ ಒತ್ತಿದರೆ ಅದೇ ತಿದ್ದುಪಡಿ ವಾಪಸ್ ಬರುತ್ತೆ. ಎಷ್ಟು ಸಲ ಒತ್ತಿದರೂ ಅಷ್ಟೇ, ಹೋಗೋದು, ಬರೋದು. ಸಾಹೇಬರು ಏನು ತಿದ್ದಿದರೂ ಎರಡು ಸಲ ಯು ಒತ್ತಿ ಹಳೇದು ಚೆನ್ನಾಗಿತ್ತೋ ಹೊಸದು ಚೆನ್ನಾಗಿದೆಯೋ ಅಂತ ಹೋಲಿಸಿ ನೋಡೋರು. ಬೆರಳಿಗೆ ಬಿದ್ದುಹೋದ ಅಭ್ಯಾಸ ಅದು.

ನಕಲು ಹಾಗಲ್ಲ. ಅದರಲ್ಲಿ ಯು ಒತ್ತುತ್ತಾ ಹೋದರೆ ಒಂದೊಂದೇ ಹೆಜ್ಜೆ ಹಿಂದಕ್ಕೆ, ಹಿಂದಕ್ಕೆ, ಶುರು ಮಾಡಿದ ಜಾಗದ ತನಕ ಹೋಗುತ್ತೆ. ಮುಂದಕ್ಕೆ ಬರೋಕೆ ಬೇರೆ ಕೀ, ನಡುವೆ ಹೊಸದಾಗಿ ಏನಾದರೂ ಬರೆದರೆ ಅದೂ ಕೆಲಸ ಮಾಡಲ್ಲ. ಸಾಹೇಬರು ಒಂದು ಪದ ತಿದ್ದಿ, ಅಭ್ಯಾಸದಂತೆ ಎರಡು ಸಲ ಒತ್ತಿದರು. ಕೊನೇ ಸಾಲು ಮಾಯ. ಅದನ್ನ ತರೋಕೆ ಮತ್ತೆ ಒತ್ತಿದರು, ಅದರ ಹಿಂದಿನದೂ ಮಾಯ. ಗಾಬರಿಯಲ್ಲಿ ಒತ್ತುತ್ತಲೇ ಹೋದರು. ಪರದೆ ಖಾಲಿಯಾದ ಮೇಲೆ ಏನೋ ಬರೆಯೋಕೆ ನೋಡಿ ಮುಂದಕ್ಕೆ ಬರೋ ದಾರಿಯನ್ನೂ ಮುಚ್ಚಿಕೊಂಡರು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಳವನ್ನ ಎಡಗೈಯಲ್ಲಿ ಕುಕ್ಕಿ ಮುಚ್ಚಿ ಗೋಡೆ ಕಡೆ ತಿರುಗಿ ಮಲಗಿದರು.

ನಾನು ಹೋದಾಗ ಅಮ್ಮಾವ್ರು ಜಗಲಿಯಲ್ಲಿ ಸೊಪ್ಪು ಬಿಡಿಸ್ತಾ ಕೂತಿದ್ದರು. "ಸಾರು ಮಗುಚೋಕೆ ಎದ್ದೋಗೋವಾಗ ಕಣ್ಣು ಬಿತ್ತು. ನಿನಗೆ ತುಂಬಾ ಅಂತ ಶುರುವಾಗಿತ್ತು ಕಣಮ್ಮ. ಬಂದು ಪೂರ್ತಿ ಓದಾನ ಅಂದ್ಕೊಂಡೆ. ತುಂಬಾ ಏನು ಅಂತ ಈಗ ಯಾರ್ನ ಕೇಳ್ಲಿ?"

ಒಂದು ದಂಟು ಮುರಿದು ಹಾಕಿ ಅವರೇ, "ತುಂಬಾ ಕೊಬ್ಬು ಅಂತಿತ್ತೋ ಏನೋ, ಬಿಡು" ಅಂದರು. ಸೊಪ್ಪಿನ ಮೇಲೆ ಕಣ್ಣೀರು ಬಿತ್ತು.

ಅಲ್ಲಿಂದಲೇ ತಮ್ಮನಿಗೆ ಫೋನ್ ಹಾಕಿ ಸ್ಪೀಕರಿನಲ್ಲಿಟ್ಟೆ. ಅವನು ಪಾಠ ಮಾಡೋ ದನಿಯಲ್ಲಿ, "ಅದು ತಪ್ಪಲ್ಲ ಅಕ್ಕ, ಅದೇ ಅದರ ದೊಡ್ಡ ಗುಣ. ಎಷ್ಟು ಬೇಕಾದ್ರೂ ಹಿಂದಕ್ಕೆ ಹೋಗಬಹುದು!" ಅಂದ.

ಅಮ್ಮಾವ್ರು ಫೋನಿನ ಹತ್ತಿರ ಬಾಗಿ, "ಹಿಂದಕ್ಕೋಗೋದು ನಮ್ಗೂ ಬತ್ತದೆ ಕಣಪ್ಪ, ಈ ವಯಸ್ಸಲ್ಲಿ ಅದನ್ನೇ ಮಾಡ್ತಾ ಇರೋದು. ಮುಂದಕ್ಕೆ ಎಂಗೋಗೋದು, ಅದನ್ನ ಏಳು" ಅಂದರು.

ಓಡೋದಾ, ಗುಜರಿಯಾ

ತಮ್ಮ ಆಮೇಲೆ ಮೆತ್ತಗಾಗಿ, ಆ ನಕಲಿಗೆ ಅಸಲಿನಂತೆ ನಡೆದುಕೋ ಅಂತ ಹೇಳೋ ಏರ್ಪಾಡೂ ಇದೆ ಅಂದ. "ಅದನ್ನ ಮೊದಲೇ ಬೊಗಳೋಕೆ ನಿಂಗೇನಾಗಿತ್ತು ದೊಡ್ಡ ರೋಗ?" ಅಂದೆ. ಆದರೆ ಸಾಹೇಬರು ಇನ್ನು ಆ ಲ್ಯಾಪ್‌ಟಾಪಿನ ಮುಖ ನೋಡೋಕೇ ಒಪ್ಪಲಿಲ್ಲ. ಅದು ಅವರ ಮಾತನ್ನ ಒಂದು ಸಲ ತಿರುಚಿತ್ತು, ಒಂದು ಸಲ ನುಂಗಿತ್ತು. ಮೂರನೇ ಸಲ ಯಾರು ನಂಬ್ತಾರೆ? ಡಾಕ್ಟರ ಹತ್ತಿರ ಹೋದಾಗ, "ಇವರು ಮನಸ್ಸು ಮಾಡದಿದ್ರೆ ಇರೋ ಮಾತೂ ಕೂತೋಗುತ್ತೆ" ಅಂತ ಹೇಳಿ ಕಳಿಸಿದರು.

ಅಸಲೇ ಬೇಕು ಅಂತ ನಿರ್ಧಾರ ಮಾಡಿದೆ. ನಮ್ಮ ಕಚೇರಿ ಹಳೇ ಮೆಷಿನ್ನುಗಳನ್ನ ಹರಾಜು ಹಾಕಿದಾಗ ಒಂದನ್ನ ಕೂಗಿಕೊಂಡವರು ಆ ಚೀಟಿ ಅಂಟಿಸಿದ ಚನ್ನರಾಯಪಟ್ಟಣದವರು. ಈಗ ಅಲ್ಲೇ ತೆಂಗಿನಕಾಯಿ ವ್ಯಾಪಾರ. ಮಂಡಿಗೆ ಹೋದರೆ ಮೆಷಿನ್ನು ಕೊಬ್ಬರಿ ಚೀಲಗಳ ಹಿಂದೆ ಕೂತಿತ್ತು, ಮೇಲೆ ದೇವರ ಫೋಟೋ, ಊದುಬತ್ತಿ ಸ್ಟ್ಯಾಂಡು.

"ಇದನ್ನ ಯಾಕೆ ತಗೊಂಡ್ರಿ ಸಾರ್?" ಅಂತ ಕೇಳಿದೆ.

"ಅದ್ರೊಳಗೆ ನಾನು ಪಟ್ಟ ಕಷ್ಟ ನಂಗೇ ಗೊತ್ತು. ಈಗ ಆಚೆಯಿಂದ ನೋಡ್ಕೊಂಡಿರಾನ ಅಂತ ತಂದೆ" ಅಂದರು. ಸಾಹೇಬರ ಸ್ಥಿತಿ ಹೇಳಿದೆ. ಸುಮ್ಮನೆ ಎದ್ದು ಫೋಟೋವನ್ನ ಗೋಡೆಗೆ ತಗುಲಿಹಾಕಿ, ಮೆಷಿನ್ನಿನ ಧೂಳು ಒರೆಸಿ, ಪ್ಲಗ್ ಹಾಕಿದರು. ಗರ್ರ್ ಅಂತ ಎದ್ದುಕೂತಿತು. "ತಗೊಂಡೋಗಮ್ಮ. ನಾನು ಕಟ್ಕೊಡ್ತೀನಿ" ಅಂದರು.

ಡಬ್ಬ, ಪರದೆ, ಕೀಬೋರ್ಡು ಎಲ್ಲಾನೂ ಗೋಣಿತಾಟಿನಲ್ಲಿ ಸುತ್ತಿ ಹೊಳೆನರಸೀಪುರದ ಬಸ್ಸಿಗೆ ಹಾಕಿಕೊಂಡೆ. ಅಲ್ಲಿಳಿದು ಅರಕಲಗೂಡಿನ ಬಸ್ಸಿಗೆ ಬದಲಾಯಿಸಿದಾಗ ಕಂಡಕ್ಟರ್ ಅದನ್ನ ಕಾಲಲ್ಲಿ ಮುಟ್ಟಿ ನೋಡಿದ.

"ಏನಕ್ಕ ಇದು?"

"ಕಂಪ್ಯೂಟರು."

"ಇಷ್ಟ್ ದಪ್ಪನಾ? ಓಡ್ತದಾ, ಕೆಟ್ಟೈತಾ? ಕೆಟ್ಟಿದ್ರೆ ಗುಜರಿ, ಓಗ್ಲಿ ಅಂತ ಬಿಟ್ಬುಡ್ತೀನಿ. ಓಡೋದಾದ್ರೆ ಲಗೇಜ್ ತಗೋಬೇಕು."

ಕೆಟ್ಟಿದೆ ಅಂದಿದ್ದರೆ ಮುಗಿದಿರೋದು. ಅಲ್ಲಿಗೆ ಹೋಗೋಷ್ಟರಲ್ಲಿ ನಿಜವಾಗಲೂ ಕೆಟ್ಟರೇನು ಗತಿ ಅಂತ ನನಗೆ ದಾರಿಯುದ್ದಕ್ಕೂ ಪುಕುಪುಕು. ಹಾಗಿರುವಾಗ ನನ್ನ ಬಾಯಲ್ಲೇ ಆ ಮಾತು ಹೇಳಿ ಅಪಶಕುನ ಮಾಡಿಕೊಳ್ಳಲಾ? "ಓಡುತ್ತೆ ಕಣಪ್ಪ, ಚೆನ್ನಾಗಿ ಓಡುತ್ತೆ. ಹರಿ ಟಿಕೆಟ್ಟು" ಅಂದೆ. ಇಡೀ ಬಸ್ಸು ತಿರುಗಿ ನೋಡಿತು. ಗುಜರಿಗೆ ಕೇಳಿ ಲಗೇಜ್ ಟಿಕೆಟ್ ತಗೊಂಡವರನ್ನ ಅವರು ನೋಡಿರಲಿಲ್ಲ ಅಂತ ಕಾಣುತ್ತೆ.

ಯು

ಅರಕಲಗೂಡಿನಲ್ಲೂ ಅದು ಎದ್ದಿತು. ಪರದೆ ಪಾಸ್‌ವರ್ಡ್ ಕೇಳಿತು. ಅಯ್ಯೋ, ಇದನ್ನ ಯಾರೂ ಯೋಚನೆ ಮಾಡಿಲ್ಲವಲ್ಲ ಅಂತ ನಾನು ತಲೆ ಮೇಲೆ ಕೈಹೊತ್ತು ಕೂರೋ ಮೊದಲೇ ಸಾಹೇಬರ ಎಡಗೈ ಅದನ್ನ ಹೊಡೆದು ಮುಗಿಸಿತ್ತು. ವಿಐ ತೆರೆದುಕೊಂಡಿತು. ಅವರು ಒಂದು ಸಾಲು ಬರೆದರು, ಅಳಿಸಿದರು, ಯು ಒತ್ತಿದರು, ಬಂತು. ಮತ್ತೆ ಯು, ಹೋಯಿತು. ಮತ್ತೆ ಯು, ಬಂತು. ನನ್ನ ಕಡೆ ನೋಡಿ ತಲೆ ಆಡಿಸಿದರು. ಕಚೇರಿಯಲ್ಲಿ ಕೆಲಸ ಸರಿಯಾಗಿ ಮಾಡಿದಾಗ ಆಡಿಸ್ತಿದ್ದರಲ್ಲ, ಹಾಗೇ.

ಬರೆಯೋದು ಶುರುವಾಯಿತು. ಬಾಯಿ ಮಾತ್ರ ಬಿಚ್ಚಲಿಲ್ಲ. ಈಗ ಬರೆಯೋಕೆ ಸಿಕ್ಕಿತಲ್ಲ, ಇನ್ನು ಮಾತಾಡೋದೇ ಇಲ್ಲವೇನೋ ಅಂತ ಅಮ್ಮಾವ್ರಿಗೆ ಹೊಸ ಭಯ. ನನಗೂ ಅದೇ ಭಯವಿತ್ತು, ಅವರಿಗೆ ಹೇಳಲಿಲ್ಲ.

ಆಮೇಲೆ ಒಂದು ಭಾನುವಾರ ಹೋದೆ. ಇಬ್ಬರೂ ಮೆಷಿನ್ ಮುಂದೆ ಪಕ್ಕಪಕ್ಕ ಕೂತಿದ್ದಾರೆ. ನಾನು ಬಂದದ್ದನ್ನ ಯಾರೂ ತಿರುಗಿ ನೋಡಲಿಲ್ಲ. ಅಮ್ಮಾವ್ರೇ ಟೈಪ್ ಮಾಡ್ತಿದ್ದಾರೆ! ಐ ಒತ್ತಿ, ಒಂದೊಂದೇ ಅಕ್ಷರ ಹುಡುಕಿ ಹೊಡೆದು, ಎಸ್ಕೇಪ್ ಒತ್ತಿದರು. ಪರದೆ ಮೇಲೆ ಹೀಗಿತ್ತು: "ಬಿಪಿ ಇದೆ. ಸಾರಿಗೆ ಉಪ್ಪು ಹಾಕಲ್ಲ."

"ಅವರಿಗೆ ಕಿವಿ ಚೆನ್ನಾಗೇ ಕೇಳುತ್ತಲ್ಲ ಅಮ್ಮಾವ್ರೆ, ಬಾಯಲ್ಲೇ ಹೇಳಬಾರದಾ?" ಅಂದೆ.

"ಬಾಯಲ್ಲೇಳಿದ್ರೆ ಕೇಳಿಸ್ದಂಗೆ ಕೂರ್ತಾರೆ ಕಣಮ್ಮ. ಇಲ್ಲಿ ಬರೆದ್ರೆ ಓದ್ಲೇಬೇಕು, ಎಲ್ಲಿಗೋಗ್ತಾರೆ?"

ಸಾಹೇಬರು ಓದಿದರು. ಡಿ ಕೀಯನ್ನ ಎರಡು ಸಲ ಹೊಡೆದರು. ಅದು ಸಾಲು ಅಳಿಸೋ ಅಪ್ಪಣೆ. ಸಾಲು ಹೋಯಿತು. ಅಮ್ಮಾವ್ರು ಯು ಒತ್ತಿದರು, "ಉಪ್ಪು ಹಾಕಲ್ಲ" ವಾಪಸ್ ಬಂತು. ಸಾಹೇಬರು ಯು ಒತ್ತಿದರು, ಹೋಯಿತು. ಅಮ್ಮಾವ್ರು ಯು, ಬಂತು. ಸಾಹೇಬರು ಯು, ಹೋಯಿತು. ನಕಲಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹಿಂದಿನ ವಾರದ್ದೆಲ್ಲ ಅಳಿಸಿಹೋಗಿ ಜಗಳ ತೀರಿರೋದು. ಇದು ಅಸಲು. ಇಬ್ಬರಿಗೂ ಅದೇ ಒಂದು ಕೀ, ಯಾರೂ ಸೋಲೋ ಹಾಗಿಲ್ಲ, ಗೆಲ್ಲೋ ಹಾಗಿಲ್ಲ. ನಾನು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಇನ್ನೂ ನಡೀತಾನೇ ಇತ್ತು. ಸಾಹೇಬರ ಮುಖ ಕೆಂಪಗಾಗಿತ್ತು, ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

ಅಮ್ಮಾವ್ರು ಯು ಒತ್ತಿದರು. "ಉಪ್ಪು ಹಾಕಲ್ಲ" ಅಂತ ಬಂದು ನಿಂತಿತು. ಸಾಹೇಬರ ಬೆರಳು ಕೀ ಮೇಲೆ ಇಳೀತಾ ಇತ್ತು, ಟಪ್ ಅಂತ ಕರೆಂಟು ಹೋಯಿತು.

ಪರದೆ ಆರಿತು. ಸಾಹೇಬರು ಯು ಒತ್ತಿದರು. ಮತ್ತೆ ಒತ್ತಿದರು. ಕೀಬೋರ್ಡು ಎತ್ತಿ ಕುಕ್ಕಿದರು. ಕೊನೇ ಮಾತು ಹೆಂಡತಿಯದೇ ಆಗಿ ನಿಂತುಹೋಯಿತಲ್ಲ ಅನ್ನೋ ಸಂಕಟ ಮುಖದ ಮೇಲೆ ಕಾಣ್ತಿತ್ತು. ಅಮ್ಮಾವ್ರು ಗೆದ್ದವರ ಹಾಗೆ ಎದ್ದು ಅಡಿಗೆಮನೆ ಕಡೆ ಎರಡು ಹೆಜ್ಜೆ ಇಟ್ಟರು.

ಹಿಂದಿನಿಂದ ಒಂದು ದನಿ ಬಂತು. ಒಡಕು ದನಿ, ಅರ್ಧ ಗಾಳಿ.

"ಉಪ್... ಉಪ್ಪಾಕೇ!"

ಅಮ್ಮಾವ್ರು ತಿರುಗಲೂ ಇಲ್ಲ, "ಬಾಯ್ಮುಚ್ಕೊಂಡ್ ಕೂತ್ಕೊಳ್ರಿ ಸಾಕು!" ಅಂದುಬಿಟ್ಟರು.

ಆಡಿದ ಮೇಲೆ ಅವರಿಗೆ ಗೊತ್ತಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಅಮ್ಮಾವ್ರು ಓಡಿ ಬಂದು ಸಾಹೇಬರ ಮಂಡಿ ಮುಂದೆ ಕುಸಿದು ಕೂತು, ಅವರ ಗದ್ದ ಹಿಡಿದು, "ಏನಂದ್ರಿ? ಇನ್ನೊಂದ್ಸಲ ಬಯ್ರೀ. ನಿಮ್ಮ ದಮ್ಮಯ್ಯ, ಇನ್ನೊಂದೇ ಒಂದ್ಸಲ ಬಯ್ರೀ" ಅಂದರು.

ಸಾಹೇಬರು ಉಸಿರು ಎಳೆದುಕೊಂಡರು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಈ ಸಲ ನಾಚಿಕೆ ಪಡಲಿಲ್ಲ.

"ಉಪ್ಪು... ಹಾಕೇ... ಕತ್ತೆ."

ಅಮ್ಮಾವ್ರು ಗೊಳೋ ಅಂತ ಅತ್ತರು. ಅಳು ಮುಗಿಸಿ, ಕಣ್ಣು ಮೂಗು ಸೆರಗಿನಲ್ಲಿ ಒರೆಸಿಕೊಂಡು, ಮೆಲ್ಲಗೆ ಎದ್ದು ನಿಂತು ಅಂದರು:

"ಆಕಲ್ಲ."